ಬಲ್ಬಿನ ಹೊಟ್ಟೆಯೊಳಗಿದ್ದ ಸಾಕ್ಷಿ

ತುಮಕೂರಿನ ಹೊರವಲಯದ ಆ ಗ್ಯಾರೇಜಿನಲ್ಲಿ ಮೂತಿ ಜಜ್ಜಿಕೊಂಡು ನಿಂತಿದ್ದ ಬಿಳಿ ಕಾರಿನ ಸುತ್ತ ನಾವೆಲ್ಲ ಸೇರಿದ್ದೆವು. ಬಾನೆಟ್ಟು ಗುಡಾರದಂತೆ ಮೇಲೆದ್ದಿತ್ತು. ಬಂಪರು ನಡುವೆ ಸೀಳಿ ಎರಡು ಹೋಳಾಗಿ ಜೋತಾಡುತ್ತಿತ್ತು. ಎಲ್ಲರ ಕಣ್ಣೂ ಮೂತಿಯ ಆ ಗುಂಡಿಯ ಮೇಲೆ. ವಿಮೆಯ ಸರ್ವೇಯರ್ ಮಾತ್ರ ಅತ್ತ ತಿರುಗಿಯೂ ನೋಡದೆ, ಎಡಗಡೆಯ ಹೆಡ್‌ಲೈಟ್ ಡೂಮಿನ ಹಿಂದೆ ಕೈ ತೂರಿಸಿ, ರಬ್ಬರ್ ಮುಚ್ಚಳ ಕಳಚಿ, ಕ್ಲಿಪ್ಪು ಬಿಡಿಸಿ, ಬಲ್ಬನ್ನು ಹುಷಾರಾಗಿ ಹೊರಗೆಳೆದರು. ಅದರ ಗಾಜು ಒಡೆದಿರಲಿಲ್ಲ. ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

"ಒಳಗೆ ಎರಡು ಸುರುಳಿ ಕಾಣ್ತಾ ನಿಮಗೆ?"

ಕಂಡವು! ಒಂದು ಸುರುಳಿ ಪೆನ್ನಿನ ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ, ನೆಟ್ಟಗೆ ಇತ್ತು. ಇನ್ನೊಂದರ ಸುತ್ತುಗಳು ಬಿಚ್ಚಿಕೊಂಡು, ಮುಂದಕ್ಕೆ ಜೋತು, ಯಾರೋ ಹಿಡಿದೆಳೆದು ಬಿಟ್ಟ ಜಡೆಯ ಹಾಗಿದ್ದವು.

"ನೆಟ್ಟಗಿರೋದು ಹೈ ಬೀಮು. ಜೋತಿರೋದು ಲೋ ಬೀಮು. ಗಾಡಿ ಗುದ್ದಿದಾಗ ಲೋ ಬೀಮ್ ಉರೀತಾ ಇತ್ತು," ಎಂದರು ಅವರು, ಹೊತ್ತು ಎಷ್ಟಾಯಿತೆಂದು ಹೇಳುವಷ್ಟು ಸಲೀಸಾಗಿ.

ನನಗೆ ಮೈ ಜುಮ್ಮೆಂದಿತು. ಉರಿಯುವ ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯ ಶಾಖ 2,500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅಷ್ಟು ಕಾದ ತಂತಿ ಮೆತ್ತಗಾಗಿರುತ್ತದೆ. ಕಾರು ಗಕ್ಕನೆ ನಿಂತಾಗ ಅದು ಮಾತ್ರ ನಿಲ್ಲದೆ ಮುಂದಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಆರಿ ಅದೇ ಭಂಗಿಯಲ್ಲಿ ಗಟ್ಟಿಯಾಗುತ್ತದೆ. ಆರಿದ್ದ ತಂತಿ ಹಾಗಲ್ಲ. ತಣ್ಣಗಿನ ಟಂಗ್‌ಸ್ಟನ್ ಪೆಡಸು, ಬಗ್ಗುವುದಿಲ್ಲ. ಸುಮ್ಮನಿದ್ದರೆ ಇರುತ್ತದೆ, ಇಲ್ಲವೇ ಪಟ್ಟನೆ ಮುರಿಯುತ್ತದೆ. ಬಲಗಡೆಯ ಬಲ್ಬಿನ ಗಾಜು ಒಡೆದಿತ್ತು. ಅದರ ಒಂದು ತಂತಿಯ ಬುಡದಲ್ಲಿ ಹಳದಿ ಬೆರೆತ ಬಿಳಿ ಬೂದಿ, ಅಂಚಿನಲ್ಲಿ ನೀಲಿ ಛಾಯೆ. ಉರಿಯುತ್ತಿದ್ದ ತಂತಿಗೆ ಗಾಳಿ ತಾಗಿ ಸುಟ್ಟುಕೊಂಡ ಗುರುತು ಅದು! ಹೀಗೆ ಎರಡು ಬಲ್ಬುಗಳು, ಬೇರೆ ಬೇರೆ ಭಾಷೆಯಲ್ಲಿ, ಒಂದೇ ಮಾತು ಹೇಳುತ್ತಿದ್ದವು.

ಆ ಮಾತು ಯಾಕೆ ಬೇಕಿತ್ತು ಅಂದರೆ, ಕ್ಲೇಮಿನ ಮೇಲೆ ಒಂದು ಅನುಮಾನವಿತ್ತು. ಶಿರಾ ಕಡೆಯ ಹಳ್ಳಿ ದಾರಿಯಲ್ಲಿ ರಾತ್ರಿ ಒಂಬತ್ತೂವರೆಗೆ ಎಮ್ಮೆ ಅಡ್ಡ ಬಂತು, ತಪ್ಪಿಸಲು ಹೋಗಿ ಹುಣಸೆ ಮರಕ್ಕೆ ಗುದ್ದಿದೆ ಎಂದು ಮಾಲೀಕ ಬರೆದುಕೊಟ್ಟಿದ್ದ. ಏಳು ವರ್ಷದ ಕಾರು, ನೋಡಿದವರು ಯಾರೂ ಇಲ್ಲ. ನಿಲ್ಲಿಸಿದ್ದ ಗಾಡಿಗೆ ಯಾವುದೋ ಟ್ರ್ಯಾಕ್ಟರು ಗುದ್ದಿರಬಹುದು, ಮರದ ಕತೆ ಕಟ್ಟಿರಬಹುದು ಎಂಬ ಸಂಶಯ. ಪೇಟೆಗೆ ತರಕಾರಿ ಸಾಗಿಸಿ ಬದುಕುವ ಆ ಹುಡುಗ ಗ್ಯಾರೇಜಿನ ಕಂಬಕ್ಕೆ ಒರಗಿ, ಅಪರಾಧಿಯ ಹಾಗೆ ನಿಂತಿದ್ದ. ಅವನ ಪರವಾಗಿ ಮೊದಲು ಬಾಯಿಬಿಟ್ಟದ್ದು ಬೆರಳಿನಷ್ಟುದ್ದದ ಒಂದು ಬಲ್ಬು.

ಅಪಘಾತವಾದ ಗಾಡಿಯನ್ನು ನೋಡಿ ಖರ್ಚಿನ ಅಂದಾಜು ಬರೆಯುವವರು ಸರ್ವೇಯರ್ ಎಂದಷ್ಟೇ ಅಂದುಕೊಂಡಿದ್ದೆ ನಾನು. ಎಂಥ ತಪ್ಪು ತಿಳಿವಳಿಕೆ! 1938ರ ವಿಮಾ ಕಾಯಿದೆಯ 64ಯುಎಂ ಕಲಮು ಇವರಿಗೆಂದೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಬೇಕು, ಅದಕ್ಕೆ ಮುಂಚೆ ಪರೀಕ್ಷೆ ಪಾಸಾಗಬೇಕು, ಅನುಭವಿ ಸರ್ವೇಯರ್ ಒಬ್ಬರ ಕೈಕೆಳಗೆ ಪಳಗಬೇಕು. ಬೆಂಕಿಗೆ, ಹಡಗಿಗೆ, ಯಂತ್ರಗಳಿಗೆ ಹೇಗೋ ಹಾಗೆ ಮೋಟಾರು ವಾಹನಕ್ಕೂ ಅದೊಂದು ಪ್ರತ್ಯೇಕ ವಿಭಾಗ. ಇಷ್ಟು ಕಾಗದದ ಮಾತು. ನನ್ನನ್ನು ಬೆರಗಾಗಿಸಿದ್ದು ಕಾಗದದಲ್ಲಿಲ್ಲ. ಅವರ ಬೆರಳುಗಳಲ್ಲಿ, ಮೂಗಿನಲ್ಲಿ, ಕಿವಿಯಲ್ಲಿ ಇದೆ.

ಬಲ್ಬು ಮುಗಿದ ಮೇಲೂ ಅವರು ಗುಂಡಿಯ ಹತ್ತಿರ ಬರಲಿಲ್ಲ. ಪೆನ್ಸಿಲ್ಲು ತೆಗೆದರು, ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಮೆಲ್ಲಗೆ ಉಜ್ಜತೊಡಗಿದರು. ಬೂದು ಬಣ್ಣದ ನಡುವೆ ಬಿಳಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಕಲ್ಲಿನ ಶಾಸನದ ಪಡಿಯಚ್ಚು ತೆಗೆಯುವವರು ಮಾಡುವುದೂ ಇದನ್ನೇ ಅಲ್ಲವೇ! ಜಗತ್ತಿನ ಬಹುಪಾಲು ಕಾರುಗಳಿಗೆ ಹದಿನೇಳು ಅಕ್ಷರ, ಅಂಕಿಗಳ ಈ ಹೆಸರು. ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಮೊದಲ ಮೂರು ಅಕ್ಷರ ಹುಟ್ಟಿದ ಮನೆಯ ಗುರುತು: ಎಂಎ3 ಅಂದರೆ ಮಾರುತಿ, ಎಂಎಟಿ ಅಂದರೆ ಟಾಟಾ, ಎಂಬಿಜೆ ಅಂದರೆ ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ. ಪ್ರತಿ ದಿನ ಓಡಾಡುವ ದಾರಿಯಲ್ಲಿ ಎಷ್ಟು ಸಾವಿರ ಗಾಡಿ ನೋಡಿದ್ದೇನೆ, ಒಂದರ ಪೂರ್ತಿ ಹೆಸರನ್ನಾದರೂ ಓದಿದ್ದೇನೆಯೇ? ಕಾಗದದ ಮೇಲೆ ಒಂದು ಗಾಡಿ, ಮುಂದೆ ನಿಂತಿರುವುದು ಬೇರೆಯೇ ಗಾಡಿ ಎಂಬಂಥ ಮೋಸ ಬಯಲಾಗುವುದು ಈ ಪೆನ್ಸಿಲ್ ಗೀಚಿನಲ್ಲಿ. ಚಾಸಿ ನಂಬರಿನ ಒಂದು ಅಂಕಿಯ ಅಂಚು ಬೇರೆಯವಕ್ಕಿಂತ ಚೂಪಾಗಿದ್ದರೆ, ಸುತ್ತಲ ಲೋಹ ಉಜ್ಜಿ ಸವೆದಿದ್ದರೆ, ಪಡಿಯಚ್ಚಿನಲ್ಲಿ ಅದು ಎದ್ದು ಕಾಣುತ್ತದೆ.

ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ತೋರಿಸಿದರು. 2423 ಎಂದಿದ್ದರೆ ಆ ಟೈರು 2023ರ ಇಪ್ಪತ್ತನಾಲ್ಕನೇ ವಾರ ಹುಟ್ಟಿದ್ದು! ಮನೆಗೆ ಬಂದವನೇ ನನ್ನ ಗಾಡಿಯ ನಾಲ್ಕೂ ಟೈರಿನ ಜಾತಕ ನೋಡಿದೆ.

ಆಮೇಲೆ ಗಾಡಿಯ ಸುತ್ತ ನಡೆಯುವುದು. ಪೆಟ್ಟು ಮುಂದೆ ಬಿದ್ದಿದೆ, ಅವರು ಹಿಂದಿನಿಂದ ಶುರುಮಾಡಿದರು. ಡಿಕ್ಕಿಯ ಬಾಗಿಲು, ಹಿಂದಿನ ಬಾಗಿಲು, ಮುಂದಿನ ಬಾಗಿಲು, ಒಂದೊಂದರ ಸಂದಿನಲ್ಲೂ ಬೆರಳು ಆಡಿಸುತ್ತ ಬಂದರು. ಫ್ಯಾಕ್ಟರಿಯಿಂದ ಬರುವಾಗ ಈ ಸಂದುಗಳ ಅಗಲ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇರುತ್ತದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಒಳಗಿನ ಹಂದರವೇ ಸರಿದಿದೆ ಎಂದು ಅರ್ಥ. ಚಾವಣಿಯ ಮೇಲೆ ಕಣ್ಣು ಓರೆ ಮಾಡಿ ನೋಡಿದರು. ನನಗೆ ಏನೂ ಕಾಣಲಿಲ್ಲ. ಅವರು ನನ್ನ ಅಂಗೈಯನ್ನು ಹಿಡಿದು, ಬಾಗಿಲಿನ ಕಂಬದ ಮೇಲಿನ ಜಾಗದಲ್ಲಿ ಇಟ್ಟರು. ಅಲ್ಲಿ, ನೀರಿನ ಮೇಲೆ ಗಾಳಿ ಬೀಸಿದಷ್ಟು ಸಣ್ಣದಾದ ಒಂದು ಅಲೆ! ಮೂತಿಗೆ ಬಿದ್ದ ಪೆಟ್ಟು ಚಾವಣಿಯವರೆಗೆ ನಡೆದುಬಂದಿತ್ತು, ನಡೆದ ದಾರಿಯಲ್ಲಿ ಹೆಜ್ಜೆ ಬಿಟ್ಟಿತ್ತು.

ಪೆಟ್ಟು ನಡೆಯುತ್ತದೆ ಎಂಬುದನ್ನು ನಾನು ಅವತ್ತೇ ಕಲಿತದ್ದು. ನಡೆಯಲೆಂದೇ ಅದಕ್ಕೆ ದಾರಿ ಮಾಡಿಕೊಟ್ಟವನೊಬ್ಬನಿದ್ದಾನೆ. ಬೇಲಾ ಬಾರೆನ್ಯಿ, ವಿಯೆನ್ನಾ ಸಮೀಪ 1907ರಲ್ಲಿ ಹುಟ್ಟಿದ ಎಂಜಿನಿಯರ್. ಕಾರು ಗಟ್ಟಿಯಾದಷ್ಟೂ ಒಳಗಿರುವವರು ಸುರಕ್ಷಿತ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ಈತ ತಿರುಗಾಮುರುಗಾ ಯೋಚಿಸಿದ: ಮುಂದೆ ಹಿಂದೆ ಮೆತ್ತಗಿರಲಿ, ನುಜ್ಜಾಗಲಿ, ಪೆಟ್ಟನ್ನೆಲ್ಲ ಅವು ತಿನ್ನಲಿ; ಮನುಷ್ಯರು ಕೂರುವ ನಡುವಿನ ಗೂಡು ಮಾತ್ರ ಅಲುಗದಿರಲಿ. 1952ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ರಸ್ತೆಗಿಳಿಯಿತು. ಅಪಘಾತವಾದ ಕಾರಿನ ಮುಂದೆ ನಿಂತು "ಎಷ್ಟು ತೆಳು ತಗಡು, ಹಪ್ಪಳದಂತೆ ಮುರಿದಿದೆ" ಎನ್ನುತ್ತೇವಲ್ಲ, ಆ ಹಪ್ಪಳ ಮುರಿದಿದ್ದರಿಂದಲೇ ಒಳಗಿದ್ದವನು ಬದುಕಿ ಗ್ಯಾರೇಜಿನ ಕಂಬಕ್ಕೆ ಒರಗಿ ನಿಂತಿದ್ದ.

ಇಲ್ಲಿ ಸರ್ವೇಯರಿಗೆ ದೊಡ್ಡ ಜವಾಬ್ದಾರಿ ಬರುತ್ತದೆ. ಬಾಗಿಲಿನ ಕಂಬಗಳಲ್ಲಿ ಈಗ ಬೋರಾನ್ ಬೆರೆಸಿದ ಅತಿ ಗಟ್ಟಿ ಉಕ್ಕು ಇರುತ್ತದೆ. ಅದನ್ನು ಹಳೆಯ ಕಾಲದ ಟಿಂಕರಿಂಗಿನ ಹಾಗೆ ಗ್ಯಾಸಿನಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿದರೆ ನೋಡಲು ಸರಿಹೋಗುತ್ತದೆ. ಆದರೆ ಕಾದ ಉಕ್ಕು ಗಟ್ಟಿತನ ಕಳೆದುಕೊಂಡಿರುತ್ತದೆ. ಮುಂದಿನ ಅಪಘಾತದಲ್ಲಿ ಅದು ಬಾಗಿಬಿಡುತ್ತದೆ. "ರಿಪೇರಿ" ಎಂದು ಬರೆಯುವುದೋ "ಬದಲಿಸಿ" ಎಂದು ಬರೆಯುವುದೋ? ಆ ಒಂದು ಪದದ ಆಯ್ಕೆಯಲ್ಲಿ ಹಣ ಇದೆ, ನಿಜ. ಅದಕ್ಕಿಂತ ಹೆಚ್ಚಾಗಿ, ಮುಂದೆ ಆ ಸೀಟಿನಲ್ಲಿ ಕೂರುವ ಯಾರದೋ ಜೀವ ಇದೆ. ಈ ಕೆಲಸ ಗೊತ್ತಿಲ್ಲದವರ ಕೈಗೆ ಹೋಗಲೇಬಾರದು ಎಂದು ನನಗೆ ಬಲವಾಗಿ ಅನ್ನಿಸಿದ್ದು ಅಲ್ಲಿ.

ಬಣ್ಣದ ಕತೆಯಂತೂ ಕೇಳಲೇಬೇಕು! ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಮೀಟರನ್ನು ಬಾಗಿಲಿಗೆ ತಾಗಿಸಿದರು. 118 ಎಂದು ತೋರಿಸಿತು. ಬಣ್ಣದ ದಪ್ಪ, ಮೈಕ್ರಾನಿನಲ್ಲಿ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅದು. ಫ್ಯಾಕ್ಟರಿಯ ಬಣ್ಣ ಸಾಧಾರಣವಾಗಿ ನೂರು, ನೂರೈವತ್ತರ ಆಸುಪಾಸು. ಹಿಂದಿನ ಎಡ ಬಾಗಿಲಿಗೆ ತಾಗಿಸಿದರೆ ಅದೇ ಮೀಟರು 900 ದಾಟಿತು. ಹೊಳಪಿನ ಬಿಳಿಯ ಅಡಿಯಲ್ಲಿ ಪುಟ್ಟಿ ಮೆತ್ತಿದ್ದರು. ಹಳೆಯ ಗಾಯ, ಈ ಅಪಘಾತದ್ದಲ್ಲ. ಹುಡುಗನನ್ನು ಕರೆದು ಕೇಳಿದರು. "ಹೌದು ಸರ್, ಎರಡು ವರ್ಷದ ಹಿಂದೆ ಗೇಟಿಗೆ ತಾಗಿತ್ತು, ಅದನ್ನ ನಾನು ಕ್ಲೇಮಿಗೆ ಹಾಕಿಲ್ಲ," ಎಂದ. ಹಾಕಿರಲಿಲ್ಲ, ನಿಜ. ಮೀಟರಿಲ್ಲದ ಕಾಲದಲ್ಲಿ ಹಿರಿಯರು ಜೇಬಿನಲ್ಲಿ ಸಣ್ಣ ಆಯಸ್ಕಾಂತ ಇಟ್ಟುಕೊಂಡಿರುತ್ತಿದ್ದರಂತೆ. ಪುಟ್ಟಿ ಇರುವಲ್ಲಿ ಅದು ಹಿಡಿಯದೆ ಜಾರುತ್ತದೆ. ಕೆಲವರಿಗೆ ಬೆರಳ ಗೆಣ್ಣಿನಿಂದ ತಟ್ಟಿದರೇ ಸಾಕು. ಬರೀ ತಗಡು "ಠಣ್" ಎನ್ನುತ್ತದೆ, ಪುಟ್ಟಿಯ ತಗಡು "ದಬ್" ಎನ್ನುತ್ತದೆ. ಹಲಸಿನಹಣ್ಣು ತಟ್ಟಿ ನೋಡುವ ನಮ್ಮಜ್ಜಿಯ ವಿದ್ಯೆ!

ಗೀರಿಗೂ ದಿಕ್ಕಿದೆ. ಉಜ್ಜಿಕೊಂಡು ಹೋದ ವಸ್ತು ಬಣ್ಣದ ಹುಡಿಯನ್ನು ತಳ್ಳಿಕೊಂಡು ಹೋಗಿ ಕೊನೆಯಲ್ಲಿ ಗುಡ್ಡೆ ಹಾಕುತ್ತದೆ. ಹಾಗಾಗಿ ಗೀರು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಬೆರಳಲ್ಲೇ ಓದಬಹುದು. ಮುರಿದ ಲೋಹ ಮಿರಿಮಿರಿ ಹೊಳೆದರೆ ಹೊಸತು, ಬಿರುಕಿನೊಳಗೆ ತುಕ್ಕು, ಧೂಳು ಕೂತಿದ್ದರೆ ಹಳತು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ತೋರಿಸಿದರು. ಭುಜದ ಬಳಿ ಬೆಲ್ಟು ಹಾದುಹೋಗುವ ಪ್ಲಾಸ್ಟಿಕ್ ಬಳೆ ಕರಗಿ ಪಟ್ಟಿಯ ಮೇಲೆ ಅರ್ಧ ಗೇಣು ಉದ್ದದ ಮಿನುಗುವ ಗೆರೆ ಮೂಡಿತ್ತು. ಒಂದು ದೇಹದ ಭಾರವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಮೇಲೆ ಬಿದ್ದಾಗ ಹುಟ್ಟಿದ ಶಾಖದ ಗುರುತು! ಅಂದರೆ ಒಳಗೆ ಮನುಷ್ಯನಿದ್ದ, ಬೆಲ್ಟು ಹಾಕಿದ್ದ. ನಿಂತ ಗಾಡಿಯ ಸಂಶಯಕ್ಕೆ ಇದು ಇನ್ನೊಂದು ಉತ್ತರ. ಹೊಸ ಕಾರುಗಳಲ್ಲಿ ಹಲವು ಇನ್ನೂ ಮುಂದೆ ಹೋಗಿವೆ. ಏರ್‌ಬ್ಯಾಗಿನ ಕಂಪ್ಯೂಟರು ಅಪಘಾತಕ್ಕೆ ಮುಂಚಿನ ಸುಮಾರು ಐದು ಸೆಕೆಂಡಿನ ವೇಗ, ಬ್ರೇಕು, ಆಕ್ಸಿಲರೇಟರು ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ.

ನೀರು ಹೊಕ್ಕ ಗಾಡಿಯನ್ನು ಓದುವುದು ಹೇಗೆ ಎಂದು ಕೇಳಿದೆ. ಅವರ ಮುಖ ಬದಲಾಯಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಕೆರೆಗಳು ತಮ್ಮ ಹಳೆಯ ಜಾಗಕ್ಕೆ ಮರಳಿದಂತೆ ನುಗ್ಗಿದವಲ್ಲ, ಕೋಟಿ ಬೆಲೆಯ ಕಾರುಗಳು ನೆಲಮಾಳಿಗೆಯಲ್ಲಿ ತೇಲಿದವಲ್ಲ, ಆಗ ನಗರದ ಸರ್ವೇಯರುಗಳಿಗೆ ಕೈತುಂಬ ಕೆಲಸ. ತೊಳೆದು ಒರೆಸಿ ಇಟ್ಟರೂ ನೀರು ತನ್ನ ರುಜು ಹಾಕಿಯೇ ಹೋಗಿರುತ್ತದೆ. ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ, ಕಾರ್ಪೆಟ್ಟಿನ ಅಡಿಯಲ್ಲಿ ನಯವಾದ ಮಣ್ಣು, ಫ್ಯೂಸ್ ಪೆಟ್ಟಿಗೆಯಲ್ಲಿ ಹಸಿರು ಕಿಲುಬು. ಡಿಪ್‌ಸ್ಟಿಕ್ಕಿನಲ್ಲಿ ಎಂಜಿನ್ ಆಯಿಲ್ಲು ಹಾಲು ಹೆಚ್ಚಾದ ಕಾಫಿಯ ಬಣ್ಣ!

ಅದರಲ್ಲೂ ಒಂದು ವಿಷಯ ಕೇಳಿ ನಾನು ಬಾಯಿ ತೆರೆದು ನಿಂತೆ. ಎಂಜಿನ್ನಿನೊಳಗೆ ಪಿಸ್ಟನ್ ಗಾಳಿಯನ್ನು ಅದುಮುತ್ತದೆ, ಗಾಳಿ ಅದುಮಿಸಿಕೊಳ್ಳುತ್ತದೆ. ನೀರು ಅದುಮಿಸಿಕೊಳ್ಳುವುದಿಲ್ಲ. ಮುಳುಗಿದ ಗಾಡಿಗೆ ಯಾರಾದರೂ ಕೀಲಿ ತಿರುಗಿಸಿದರೆ, ನೀರು ಜಪ್ಪಯ್ಯ ಅಂದರೂ ಜಾಗ ಬಿಡದೆ, ಪಿಸ್ಟನ್ನಿಗೆ ಜೋಡಿಸಿದ ಉಕ್ಕಿನ ಕನೆಕ್ಟಿಂಗ್ ರಾಡೇ ಬಾಗಿಬಿಡುತ್ತದೆ. ಬಾಗಿದ ರಾಡು ಗಿಡ್ಡವಾಗುತ್ತದೆ. ಆಮೇಲೂ ಎಂಜಿನ್ ಒಂದಷ್ಟು ಓಡಿದ್ದರೆ ಆ ಪಿಸ್ಟನ್ ಮೊದಲಿನಷ್ಟು ಎತ್ತರಕ್ಕೆ ಏರದೆ, ಸಿಲಿಂಡರಿನ ಗೋಡೆಯ ತುದಿಯಲ್ಲಿ ಮಸಿಯ ಬಳೆ ಅಗಲವಾಗುತ್ತದೆ. ಆ ಮಸಿಯ ಅಗಲವನ್ನು ನೋಡಿ, ಯಾವ ಸಿಲಿಂಡರು ನೀರು ಕುಡಿಯಿತೆಂದು ಹೇಳುತ್ತಾರೆ! ಇದರ ಮೇಲೆ ಹಣದ ಪ್ರಶ್ನೆ ನಿಂತಿದೆ. ನೆರೆ ನೀರಿನ ಹಾನಿ ಸಾಮಾನ್ಯ ಪಾಲಿಸಿಯಲ್ಲಿ ಸೇರಿದೆ; ನೀರಿನಲ್ಲಿದ್ದಾಗ ಸ್ಟಾರ್ಟ್ ಮಾಡಿ ಎಂಜಿನ್ ಕೆಡಿಸಿಕೊಂಡರೆ ಅದು ಆಮೇಲಿನ ಹಾನಿ ಎಂದು ಕಂಪನಿಗಳು ಹೊರಗಿಡುತ್ತವೆ, ಎಂಜಿನ್ ರಕ್ಷಣೆಯ ಬೇರೆ ಕವರ್ ಕೊಂಡಿದ್ದರೆ ಮಾತ್ರ ಸಿಗುತ್ತದೆ. ಓದುಗರೇ, ದಯವಿಟ್ಟು ನೆನಪಿಡಿ: ಮುಳುಗಿದ ಗಾಡಿಯ ಕೀಲಿ ಮುಟ್ಟಬೇಡಿ. ಎಳೆಸಿಕೊಂಡು ಹೋಗಿ.

ಸುಟ್ಟ ಗಾಡಿಯೂ ಮಾತಾಡುತ್ತದಂತೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ತಾಮ್ರ 1,085ಕ್ಕೆ. ಯಾವುದು ಕರಗಿದೆ, ಯಾವುದು ಉಳಿದಿದೆ ಎಂದು ನೋಡುತ್ತ ಹೋದರೆ ಬೆಂಕಿ ಎಲ್ಲಿ ಹೆಚ್ಚು ಉರಿಯಿತೆಂಬ ನಕ್ಷೆ ಸಿಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ರೂಪಾಯಿ ಲೆಕ್ಕ. ಅದು ಒಣ ಕೋಷ್ಟಕ ಎಂದುಕೊಂಡಿದ್ದೆ, ಆದರೆ ಅದರಲ್ಲೊಂದು ವಿಚಿತ್ರ ಲೋಕವಿದೆ! ನಮ್ಮ ದೇಶದ ಮೋಟಾರು ವಿಮೆಯ ಪದ್ಧತಿಯಲ್ಲಿ ಗಾಜಿಗೆ ಮುಪ್ಪೇ ಇಲ್ಲ. ಹತ್ತು ವರ್ಷದ ಗಾಜು ಒಡೆದರೂ ಸವಕಳಿ ಸೊನ್ನೆ. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿ ಹುಟ್ಟುವಾಗಲೇ ಅರ್ಧ ಮುದುಕರು. ಮೊದಲ ದಿನದಿಂದಲೇ 50 ಪರ್ಸೆಂಟ್ ಕಡಿತ. ಫೈಬರ್ ಗ್ಲಾಸಿಗೆ 30. ಲೋಹ ಮಾತ್ರ ನಮ್ಮ ಹಾಗೆ ವರ್ಷ ವರ್ಷ ಮುಪ್ಪಾಗುತ್ತದೆ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ 5, ಎರಡಕ್ಕೆ 10, ಮೂರಕ್ಕೆ 15, ನಾಲ್ಕಕ್ಕೆ 25, ಐದಕ್ಕೆ 35, ಹತ್ತರವರೆಗೆ 40, ಅದನ್ನು ದಾಟಿದರೆ 50. ಹುಡುಗನ ಕಾರಿಗೆ ಏಳು ವರ್ಷ. 10,000 ರೂಪಾಯಿಯ ಬಾನೆಟ್ಟಿಗೆ 6,000 ಸಿಗುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಅರ್ಧ. ಮುಂದಿನ ಗಾಜು ಪೂರ್ತಿ. ಪೇಂಟಿಂಗಿನ ಒಟ್ಟು ಬಿಲ್ಲಿನಲ್ಲಿ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಗುಜರಿಗೆ ಹೋಗುವ ಹಳೆ ಭಾಗಗಳ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ರಿಪೇರಿಯ ಖರ್ಚು ಗಾಡಿಯ ಘೋಷಿತ ಬೆಲೆಯ 75 ಪರ್ಸೆಂಟ್ ದಾಟಿದರೆ ಅದನ್ನು ರಿಪೇರಿ ಮಾಡುವುದೇ ಇಲ್ಲ, ಪೂರ್ಣ ನಷ್ಟ ಎಂದು ಬರೆಯುತ್ತಾರೆ. ಆ ಗೆರೆಯ ಹತ್ತಿರ ಬಂದ ಗಾಡಿಗಳಲ್ಲಿ ಒಂದು ಕಂಬ, ಒಂದು ಗೇರ್‌ಬಾಕ್ಸು ಸಾಕು, ಅತ್ತಲೋ ಇತ್ತಲೋ ವಾಲಲು. ತಕ್ಕಡಿ ಹಿಡಿದವನ ಕೈ ನಡುಗಬಾರದು.

ಅವರ ವರದಿಯೇ ಕೊನೆಯ ಮಾತಲ್ಲ ಎಂಬುದೂ ನನಗೆ ಸಮಾಧಾನ ಕೊಟ್ಟಿತು. ಅಪಘಾತವಾದ ಲಾರಿಯೊಂದರ ಪರಿಹಾರದ ವ್ಯಾಜ್ಯದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು, ಸರ್ವೇಯರ್ ವರದಿ ಆಧಾರವಾಗಬಲ್ಲದು, ಆದರೆ ಅದನ್ನು ಮೀರಲೇಬಾರದು ಎಂದೇನಿಲ್ಲ ಎಂದು ಹೇಳಿದೆ. ಈಗ ಸಣ್ಣ ಪೆಟ್ಟುಗಳನ್ನು ಮೊಬೈಲಿನ ಫೋಟೊ ನೋಡಿಯೇ ತೀರ್ಮಾನಿಸುತ್ತಾರೆ. ಸಣ್ಣದಕ್ಕೆ ಅದು ಸರಿಯೇ. ಆದರೆ ಫೋಟೊ ತಟ್ಟಿ ನೋಡಲಾರದು, ಚಾವಣಿಯ ಅಲೆಯನ್ನು ಅಂಗೈಯಲ್ಲಿ ಹಿಡಿಯಲಾರದು, ಬಲ್ಬು ಕಳಚಲಾರದು.

ಸಂಜೆ ನಾಲ್ಕಕ್ಕೆ ಅವರ ಬೈಕಿನ ಹಿಂದೆ ಕೂತು ಹುಣಸೆ ಮರದ ಹತ್ತಿರ ಹೋದೆ. ಕೊನೆಗೆ ಗುಂಡಿಯ ಸರದಿ ಬಂದಿತ್ತು; ಗ್ಯಾರೇಜಿನಿಂದ ಹೊರಡುವ ಮುಂಚೆ ಅದನ್ನು ಅಳೆದಿದ್ದರು. ಕಿರಿದಾಗಿ, ಆಳವಾಗಿ, ಒನಕೆ ಒತ್ತಿದ ಹಾಗಿತ್ತು ಅದು. ಟ್ರ್ಯಾಕ್ಟರು ಗುದ್ದಿದರೆ ಹೀಗಾಗದು. ರೇಡಿಯೇಟರಿನ ಜಾಲರಿಯಿಂದ ಚಿಮಟದಲ್ಲಿ ತೊಗಟೆಯ ನಾರನ್ನು ಎಳೆದು ಕವರಿನಲ್ಲಿ ಹಾಕಿಕೊಂಡಿದ್ದರು.

ಡಾಂಬರಿನ ಮೇಲೆ ಟೈರು ಉಜ್ಜಿದ ಎರಡು ಗೆರೆಗಳು ಮಾಸಿ ಮಾಸಿ ಇನ್ನೂ ಉಳಿದಿದ್ದವು. ಹೆಜ್ಜೆ ಹಾಕಿ ಅಳೆಯುತ್ತ ಅವರು ಒಂದು ಲೆಕ್ಕ ಹೇಳಿದರು. ಒಣ ಡಾಂಬರಿನ ಮೇಲೆ ಚಕ್ರ ಕಚ್ಚಿ ಜಾರಿದ ಗಾಡಿ ನಿಲ್ಲಲು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸುಮಾರು 5 ಮೀಟರ್ ಬೇಕು. 60ರಲ್ಲಿ? ನಾನು 10 ಎಂದೆ. "20," ಎಂದರು. ವೇಗ ಎರಡು ಪಟ್ಟಾದರೆ ಜಾರುವ ದೂರ ನಾಲ್ಕು ಪಟ್ಟು! ಇಪ್ಪತ್ತೈದು ವರ್ಷದಿಂದ ಗಾಡಿ ಓಡಿಸುತ್ತಿರುವ ನನಗೆ ಇದು ಗೊತ್ತಿರಲಿಲ್ಲ.

ಮರದ ಕಾಂಡದಲ್ಲಿ ತೊಗಟೆ ಸುಲಿದಿತ್ತು, ಒಳಗೆ ಬಿಳಿ ಬಣ್ಣದ ಚೂರುಗಳು ಕಚ್ಚಿಕೊಂಡಿದ್ದವು. ನಾನೇ ಟೇಪು ಹಿಡಿದೆ. ಕಾರಿನ ಗುರುತಿಗೂ ಮರದ ಗುರುತಿಗೂ ಎತ್ತರದಲ್ಲಿ ಎರಡು ಇಂಚು ವ್ಯತ್ಯಾಸ, ಮರದ್ದು ಕೆಳಗಿತ್ತು. ನನ್ನ ಎದೆ ಧಸಕ್ಕೆಂದಿತು. ಹುಡುಗ ಸುಳ್ಳು ಹೇಳಿದನೇ?

"ಸರ್, ತಾಳೆ ಆಗ್ತಿಲ್ಲ," ಎಂದೆ.

"ತಾಳೆ ಆಗಿದೆ. ನೀವು ಜೋರಾಗಿ ಬ್ರೇಕ್ ಹಾಕಿದಾಗ ಗಾಡಿಯ ಮೂತಿ ಏನಾಗುತ್ತೆ?"

ಕೆಳಗೆ ಬಾಗುತ್ತದೆ. ಎಮ್ಮೆಯನ್ನು ನೋಡಿ ಅವನು ಬ್ರೇಕ್ ತುಳಿದಿದ್ದ. ಆ ಎರಡು ಇಂಚು ಅವನ ಕಾಲಿನದು. ಸರ್ವೇಯರ್ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು, ಮರದ ಗಾಯಕ್ಕೆ ಆನಿಸಿ ಹಿಡಿದು, ಅಂಕಿ ಕಾಣುವ ಹಾಗೆ ಫೋಟೊ ತೆಗೆದರು.